ಪ್ರಸ್ತಾರವೂ ಬಾಲಬೋಧೆಯೂ

೧

ಪದ್ಯದ ಸಾಲೊಂದನ್ನು ಕೊಟ್ಟು "ಪ್ರಸ್ತಾರ ಹಾಕಿ ಗಣಗಳನ್ನು ವಿಂಗಡಿಸಿರಿ" ಎಂದು ಕೇಳುವುದು ನಮ್ಮ ಪ್ರೌಢಶಾಲೆಗಳ ಕನ್ನಡ ಪರೀಕ್ಷೆಯಲ್ಲಿ ರೂಢಿಯಾಗಿರುವ ಕ್ರಮ. ಇಲ್ಲಿ ಪ್ರಸ್ತಾರವೆಂದರೆ ಅಕ್ಷರಗಳ ಮೇಲೆ ಗುರುಲಘುಗಳ ಗುರುತು ಹಾಕುವುದು ಎಂದಷ್ಟೇ ಅರ್ಥ. ವಿದ್ಯಾರ್ಥಿಯೂ ಹಾಗೆಯೇ ತಿಳಿದಿರುತ್ತಾನೆ. ಉಪಾಧ್ಯಾಯರಲ್ಲಿ ಬಹುಮಂದಿಯೂ ಹಾಗೆಯೇ ತಿಳಿದಿರುತ್ತಾರೆ. ಆದರೆ ಛಂದಶ್ಶಾಸ್ತ್ರದಲ್ಲಿ ಈ ಶಬ್ದಕ್ಕೆ ಇರುವ ಅರ್ಥವು ಬೇರೆ. ಪ್ರಸ್ತಾರವೆಂದರೆ ಹರಡುವಿಕೆ, ಹಾಸುವಿಕೆ. ಇಷ್ಟು ಅಕ್ಷರಗಳ ಪಾದದಲ್ಲಿ ಗುರುಲಘುಗಳು ಎಷ್ಟು ಬಗೆಯಾಗಿ ಕೂಡಬಹುದೋ ಅಷ್ಟನ್ನೂ, ಒಂದೂ ಬಿಟ್ಟುಹೋಗದಂತೆ, ಒಂದೂ ಎರಡು ಸಲ ಬಾರದಂತೆ, ನಿಯತವಾದ ಕ್ರಮದಿಂದ ಹರಡಿ ತೋರಿಸುವುದೇ ಪ್ರಸ್ತಾರ. ಒಬ್ಬ ಕವಿಯು ಬರೆದುದನ್ನು ಗುರುತಿಸುವುದು ಒಂದು ಕೆಲಸ. ಯಾವ ಕವಿಯಾದರೂ ಬರೆಯಬಹುದಾದುದನ್ನೆಲ್ಲ ಎಣಿಸುವುದು ಮತ್ತೊಂದು. ಮೊದಲನೆಯದನ್ನು ನಾವು ಉಳಿಸಿಕೊಂಡೆವು; ಎರಡನೆಯದರ ಹೆಸರನ್ನು ಅದಕ್ಕಿಟ್ಟು, ಎರಡನೆಯದನ್ನೇ ಮರೆತೆವು.

ಈ ಮರವೆಯಿಂದ ಆದ ನಷ್ಟವು ಶಬ್ದಾರ್ಥಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಕೆಲವು ವಸ್ತುಗಳು ಎಷ್ಟು ಬಗೆಯಾಗಿ ಕೂಡಬಲ್ಲವೆಂಬುದನ್ನು ನಿಃಶೇಷವಾಗಿ ಕಾಣುವ ಶಕ್ತಿಯನ್ನು ಎಳೆಯ ಮಕ್ಕಳಲ್ಲಿ ಬೆಳೆಸಬೇಕೆಂದು ಈಗ ಗಣಿತಬೋಧಕರು ಬಹುವಾಗಿ ಹೇಳುತ್ತಿದ್ದಾರೆ. ಆ ಶಕ್ತಿಯನ್ನು ಪ್ರಕೃತ ಲೇಖನದಲ್ಲಿ ವಿಕಲ್ಪಬುದ್ಧಿಯೆಂದು ಕರೆಯೋಣ. ಅದನ್ನು ಬೆಳೆಸತಕ್ಕ ಸಾಧನವೊಂದು ನಮ್ಮ ಭಾಷಾಪಾಠದೊಳಗೇ ಇದ್ದು, ಉಪಯೋಗಕ್ಕೆ ಬಾರದೆ ಬಿದ್ದಿದೆಯೆಂಬುದನ್ನು ನಿರೂಪಿಸುವುದೇ ಇಲ್ಲಿಯ ಉದ್ದೇಶ.

೨

ವಿಕಲ್ಪಗಳ ಎಣಿಕೆಯು ನಮ್ಮಲ್ಲಿ ಒಂದೇ ಶಾಸ್ತ್ರಕ್ಕೆ ಸೇರಿದುದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಷಡ್ರಸಗಳ ಭೇದಗಳು ೬೩ ಎಂದು ಹೇಳಲ್ಪಟ್ಟಿದೆ. ಬಿಡಿಯಾಗಿ ೬, ಎರಡೆರಡಾಗಿ ೧೫, ಮೂರುಮೂರಾಗಿ ೨೦, ನಾಲ್ಕುನಾಲ್ಕಾಗಿ ೧೫, ಐದೈದಾಗಿ ೬, ಆರೂ ಕೂಡಿ ೧. ಸಂಖ್ಯೆಯನ್ನು ಹೇಳಿ ಸುಮ್ಮನಾಗದೆ ಆ ಗ್ರಂಥವು ಭೇದಗಳನ್ನೂ ಎಣಿಸಿ ತೋರಿಸುತ್ತದೆ. ಮಧುರವನ್ನು ಮೊದಲಿಟ್ಟು ಉಳಿದ ಐದು ರಸಗಳೊಡನೆ ಕೂಡಿಸಿದರೆ ಐದು ಜೋಡಿಗಳು; ಮಧುರವನ್ನು ಬಿಟ್ಟು ಆಮ್ಲವನ್ನು ಮುಂದಿನವುಗಳೊಡನೆ ಕೂಡಿಸಿದರೆ ನಾಲ್ಕು; ಲವಣದಿಂದ ಮೂರು, ಕಟುವಿನಿಂದ ಎರಡು, ತಿಕ್ತದಿಂದ ಒಂದು; ಒಟ್ಟು ೧೫. ಹಿಂದಿನದನ್ನು ಮತ್ತೆ ಮುಟ್ಟದೆ ಮುಂದಕ್ಕೇ ಹೋಗುವುದು ಈ ಕ್ರಮದ ಜೀವ. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಪ್ರಕರಣದಲ್ಲಿ ೧೬ ದ್ರವ್ಯಗಳಿಂದ ನಾಲ್ಕುನಾಲ್ಕನ್ನು ಆರಿಸಿದರೆ ೧೮೨೦ ಭೇದಗಳಾಗುವುದನ್ನು ಹೇಳಿದ್ದಾನೆ. ಕನ್ನಡನಾಡಿಗೆ ಸಂಬಂಧಪಟ್ಟಂತೆ, ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಇಂಥ ಆಯ್ಕೆಗಳ ಎಣಿಕೆಗೆ ಸರ್ವತ್ರ ಅನ್ವಯಿಸುವ ಸೂತ್ರವನ್ನೇ ಕೊಟ್ಟನು. ಕ್ರಿ.ಶ. ೧೧೫೦ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಅಂಕಪಾಶವೆಂಬ ಪ್ರಕರಣವನ್ನಿಟ್ಟು, ಶಂಭುವಿನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲುಬದಲಾಗಿಟ್ಟರೆ ಮೂರ್ತಿಭೇದಗಳೆಷ್ಟೆಂದು ಕೇಳಿದ್ದಾನೆ. ಉತ್ತರವು ೩೬,೨೮,೮೦೦.

ಇಷ್ಟೆಲ್ಲಕ್ಕೂ ಮೂಲದಲ್ಲಿರುವುದು ಪಿಂಗಲನ ಛಂದಸ್ಸೂತ್ರ. ಅದರ ಕೊನೆಯ ಸೂತ್ರಗಳನ್ನು ವಿಸ್ತರಿಸಿ ಹಿಂದಿನವರು ಆರು ಪ್ರತ್ಯಯಗಳನ್ನು ಗಣಿಸಿದರು. ಎಲ್ಲ ಭೇದಗಳನ್ನೂ ಬರೆಯುವುದು ಪ್ರಸ್ತಾರ. ಇಷ್ಟನೆಯ ಭೇದವು ಯಾವುದೆಂದು ಕಾಣುವುದು ನಷ್ಟ. ಈ ಭೇದವು ಎಷ್ಟನೆಯದೆಂದು ಕಾಣುವುದು ಉದ್ದಿಷ್ಟ. ಇಷ್ಟು ಲಘುಗಳುಳ್ಳ ಭೇದಗಳು ಎಷ್ಟೆಂದು ಕಾಣುವುದು ಲಗಕ್ರಿಯೆ. ಒಟ್ಟು ಎಷ್ಟೆಂಬುದು ಸಂಖ್ಯೆ. ಬರೆಯಲು ಎಷ್ಟು ಸ್ಥಳ ಬೇಕೆಂಬುದು ಅಧ್ವಯೋಗ. ಈ ಆರರಲ್ಲಿ ಮೊದಲನೆಯದೇ ಪ್ರಸ್ತಾರವಾಗಿರುವುದನ್ನು ವಾಚಕರು ಗಮನಿಸಬೇಕು. ಮೊದಲು ಬರೆದು ನೋಡು, ಆಮೇಲೆ ಎಣಿಸು ಎಂಬುದೇ ಶಾಸ್ತ್ರದ ಬೋಧನಕ್ರಮ. ಇಂದಿನ ಗಣಿತಪಾಠದಲ್ಲಿ ಸೂತ್ರವು ಮೊದಲು ಬರುತ್ತದೆ; ಬರೆದು ನೋಡುವುದು ಬಹುಶಃ ಬರುವುದೇ ಇಲ್ಲ.

೩

ಮಕ್ಕಳ ಬುದ್ಧಿಯ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರು ಕಂಡುಕೊಂಡುದನ್ನೂ ಇಲ್ಲಿ ಹೇಳಬೇಕು. ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ ಎಂಬಿಬ್ಬರು ೧೯೫೧ರಲ್ಲಿ, ಆಕಸ್ಮಿಕವೆಂಬ ಭಾವನೆಯು ಮಗುವಿನಲ್ಲಿ ಹೇಗೆ ಹುಟ್ಟುತ್ತದೆಂಬುದನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬೇರೆ ಬೇರೆ ಬಣ್ಣದ ಬಿಲ್ಲೆಗಳನ್ನು ಕೊಟ್ಟು ಸಾಧ್ಯವಾದ ಜೋಡಿಗಳನ್ನೆಲ್ಲ ಮಾಡೆಂದರೆ, ತೀರ ಎಳೆಯ ಮಕ್ಕಳು ಕೈಗೆ ಬಂದಂತೆ ಕೂಡಿಸುವರು. ಏಳೆಂಟು ವರ್ಷಕ್ಕೆ ಮೇಲ್ಪಟ್ಟವರು ಒಂದು ಕ್ರಮವನ್ನು ಹುಡುಕತೊಡಗಿದರೂ ಅದನ್ನು ಕಡೆಯವರೆಗೆ ಹಿಡಿಯಲಾರರು. ಪೂರ್ಣವಾದ ಕ್ರಮವು ಹನ್ನೊಂದು ಹನ್ನೆರಡರ ಸುಮಾರಿಗೆ ಬರುವುದು ಎಂದು ಅವರ ಅಭಿಪ್ರಾಯ. ಇದನ್ನು ನೋಡಿ ಕೆಲವರು, ಎಳೆಯ ಮಕ್ಕಳಿಗೆ ಈ ವಿಷಯವೇ ಸಲ್ಲದೆಂದು ನಿರ್ಣಯಿಸಿದರು. ಆದರೆ ಲಿನ್ ಇಂಗ್ಲಿಷ್ ಎಂಬ ಆಸ್ಟ್ರೇಲಿಯದ ವಿದುಷಿಯು ೧೯೯೧ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ನಾಲ್ಕೂವರೆಯಿಂದ ಹತ್ತರೊಳಗಿನ ಮಕ್ಕಳಿಗೆ ಆಟದ ಕರಡಿಗಳಿಗೆ ಮೇಲಂಗಿ ಕೆಳಗಂಗಿಗಳನ್ನು ಬಗೆಬಗೆಯಾಗಿ ತೊಡಿಸುವ ಕೆಲಸವನ್ನು ಕೊಟ್ಟು ನೋಡಲಾಗಿ, ಅವರಲ್ಲಿ ಕೆಲವರು ಯಾರೂ ಹೇಳಿಕೊಡದೆಯೇ ಒಂದನ್ನು ಸ್ಥಿರವಾಗಿಟ್ಟು ಮತ್ತೊಂದನ್ನು ಬದಲಾಯಿಸುತ್ತ ಹೋಗುವ ಕ್ರಮವನ್ನು ಕಂಡುಕೊಂಡರು. ಇದು ಸುಶ್ರುತನ ರಸಜೋಡಣೆಯ ಕ್ರಮವೇ ಸರಿ. ಕೈಯಲ್ಲಿ ವಸ್ತುವಿದ್ದರೆ, ಕೆಲಸದಲ್ಲಿ ಆಸಕ್ತಿಯಿದ್ದರೆ, ಬುದ್ಧಿಯು ವಯಸ್ಸಿಗಾಗಿ ಅಷ್ಟಾಗಿ ಕಾಯುವುದಿಲ್ಲವೆಂದು ಇದರಿಂದ ತೋರುತ್ತದೆ.

ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಬಾಲ್ಯದಲ್ಲಿ ನಾನು ಓದಿದ ಪಾಠಶಾಲೆಯಲ್ಲಿ ಮ ಯ ರ ಸ ತ ಜ ಭ ನ ಎಂಬ ಗಣಕ್ರಮವನ್ನು ಕಂಠಪಾಠ ಮಾಡಿಸಿದರು. ಮಗಣವೇ ಏಕೆ ಮೊದಲು, ನಗಣವೇ ಏಕೆ ಕೊನೆ ಎಂದು ಕೇಳಿದುದಕ್ಕೆ "ಆಚಾರ್ಯರು ಹಾಗೆ ಹೇಳಿದ್ದಾರೆ" ಎಂಬುದೇ ಉತ್ತರವಾಯಿತು. ಆ ಕ್ರಮವು ಯಾರದೋ ಇಚ್ಛೆಯಲ್ಲ, ಪ್ರಸ್ತಾರವು ತಾನಾಗಿ ಕೊಡುವ ಕ್ರಮ ಎಂಬುದು ನನಗೆ ತಿಳಿದುದು ಎಷ್ಟೋ ವರ್ಷಗಳಾದ ಮೇಲೆ, ಬೇರೊಬ್ಬರಿಗೆ ಪಾಠ ಹೇಳಲು ಕುಳಿತಾಗ.

೪

ಪ್ರಸ್ತಾರದ ವಿಧಿಯು ಎಂಟು ವರ್ಷದ ಮಗುವಿಗೂ ಹೇಳಬಹುದಾದಷ್ಟು ಸುಲಭ. ಮೊದಲ ಸಾಲಿನಲ್ಲಿ ಎಲ್ಲವನ್ನೂ ಗುರುವಾಗಿಡು. ಮುಂದಿನ ಸಾಲಿಗೆ, ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಕ್ಕುವ ಗುರುವಿನ ಕೆಳಗೆ ಲಘುವನ್ನಿಡು. ಅದರ ಬಲಕ್ಕಿರುವುದನ್ನೆಲ್ಲ ಮೇಲಿದ್ದಂತೆಯೇ ಇಳಿಸು. ಎಡಕ್ಕೆ ಸ್ಥಳವುಳಿದಿದ್ದರೆ ಗುರುಗಳಿಂದ ತುಂಬು. ಎಲ್ಲವೂ ಲಘುವಾದಾಗ ನಿಲ್ಲು. ಮೂರು ಅಕ್ಷರಗಳಿಗೆ ಹೀಗೆ ಮಾಡಿದರೆ,

೧. ಗು ಗು ಗು — ಮಗಣ
೨. ಲ ಗು ಗು — ಯಗಣ
೩. ಗು ಲ ಗು — ರಗಣ
೪. ಲ ಲ ಗು — ಸಗಣ
೫. ಗು ಗು ಲ — ತಗಣ
೬. ಲ ಗು ಲ — ಜಗಣ
೭. ಗು ಲ ಲ — ಭಗಣ
೮. ಲ ಲ ಲ — ನಗಣ

ಎಂಬ ಪಟ್ಟಿಯು ದೊರೆಯುತ್ತದೆ. ಗುರುಲಘುಗಳ ಹೆಸರೇ ತಿಳಿಯದ ಮಕ್ಕಳಿಗಾದರೆ ಕವಡೆಯನ್ನೂ ಹುಣಸೆಬೀಜವನ್ನೂ ಕೊಡಬಹುದು. ಇಲ್ಲವೆ ಚಪ್ಪಾಳೆಯನ್ನೂ ಚಿಟಿಕೆಯನ್ನೂ ಹಾಕಿಸಬಹುದು.

ಆದರೆ ವಿಧಿಯನ್ನು ಮೊದಲೇ ಹೇಳತಕ್ಕದ್ದಲ್ಲ. ಒಂದು ಸಲ ನಾನು ಮೂರು ಮನೆಗಳನ್ನು ನೆಲದ ಮೇಲೆ ಬರೆದು, ಕವಡೆ ಬೀಜಗಳನ್ನು ಎಷ್ಟು ಬಗೆಯಾಗಿ ಇಡಬಹುದೋ ಇಡಿರೆಂದು ಕೆಲವು ಮಕ್ಕಳಿಗೆ ಹೇಳಿದೆ. ಒಬ್ಬನು ಐದು ಬಗೆಯನ್ನಿಟ್ಟು "ಸಾಕು" ಎಂದನು. ಮತ್ತೊಬ್ಬನು ಒಂಬತ್ತನ್ನಿಟ್ಟನು, ಅವುಗಳಲ್ಲಿ ಎರಡು ಒಂದೇ ಆಗಿದ್ದುವು. ಮೂರನೆಯವಳು ಎಂಟನ್ನಿಟ್ಟು ಕೈಕಟ್ಟಿ ಕುಳಿತಳು. "ಇನ್ನೂ ಇದೆಯೇನಮ್ಮ?" ಎಂದು ಕೇಳಿದೆ. "ಇನ್ನಿಲ್ಲ" ಎಂದಳು. "ಹೇಗೆ ಗೊತ್ತು?" ಎಂದರೆ ಹೇಳಲಾರಳು, ತಾನು ಇಟ್ಟುದನ್ನು ದಿಟ್ಟಿಸಿ ನೋಡಿ, ಕವಡೆಯಿಂದ ಮುಗಿಯುವ ಸಾಲುಗಳನ್ನು ಒಂದು ಕಡೆಗೂ ಬೀಜದಿಂದ ಮುಗಿಯುವುವನ್ನು ಮತ್ತೊಂದು ಕಡೆಗೂ ಸರಿಸತೊಡಗಿದಳು. ಎರಡು ಕಡೆಯೂ ನಾಲ್ಕುನಾಲ್ಕಾದುವು. ಆ ಮಗುವು ಆಗ ಯುಕ್ತಿಯ ಬಾಗಿಲಲ್ಲಿ ನಿಂತಿದ್ದಿತು. ಪ್ರಸ್ತಾರದ ವಿಧಿಯನ್ನು ಹೇಳತಕ್ಕ ಸಮಯವೆಂದರೆ ಅದೇ. ಏತಕ್ಕೆಂದರೆ ಬೇಕೆಂಬ ಹಸಿವು ಹುಟ್ಟಿದ ಮೇಲೆ ಬಡಿಸಿದುದು ಮಾತ್ರವೇ ಜೀರ್ಣಿಸುತ್ತದೆ.

"ಇನ್ನಿಲ್ಲ" ಎಂಬ ಈ ಮಾತಿನಲ್ಲಿಯೇ ವಿಕಲ್ಪಬುದ್ಧಿಯ ಸಾರವಿದೆ. ಎಂಟು ಎಂಬ ಸಂಖ್ಯೆಯನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಇನ್ನೊಂದು ಇರಲಾರದು ಎಂಬ ನಿಶ್ಚಯವನ್ನು ಮಗುವು ತಾನೇ ಸಂಪಾದಿಸಬೇಕು. ಆ ನಿಶ್ಚಯವು ಕ್ರಮದಿಂದ ಹುಟ್ಟುತ್ತದೆ. ಕಂಡಂತೆ ಇಟ್ಟವನಿಗೆ ಯಾವುದು ಬಿಟ್ಟಿತೆಂಬುದು ತಿಳಿಯದು. ಕ್ರಮದಿಂದ ಇಟ್ಟವನಿಗೆ ಬಿಟ್ಟ ಸ್ಥಳವು ಹಲ್ಲು ಬಿದ್ದ ಬಾಯಿಯಂತೆ ಎದ್ದು ಕಾಣುತ್ತದೆ.

೫

ಪಟ್ಟಿಯು ಸಿದ್ಧವಾದ ಮೇಲೆ ಉಳಿದ ಪ್ರತ್ಯಯಗಳು ಆಟವಾಗಿ ಬರುತ್ತವೆ. ಮೊದಲ ನಾಲ್ಕು ಸಾಲುಗಳು ಗುರ್ವಂತ, ಮುಂದಿನ ನಾಲ್ಕು ಲಘ್ವಂತ. ಕೊನೆಯ ಅಕ್ಷರವನ್ನು ಮುಚ್ಚಿ ನೋಡಿದರೆ ಎರಡು ಕಡೆಯೂ ಎರಡಕ್ಷರದ ಪ್ರಸ್ತಾರವೇ. ಆದುದರಿಂದ ಅಕ್ಷರವೊಂದು ಹೆಚ್ಚಿದರೆ ಭೇದಗಳು ಇಮ್ಮಡಿಯಾಗುವುವೆಂಬ ಸಂಖ್ಯಾನಿಯಮವು ಕಣ್ಣಿಗೇ ಕಾಣಿಸುತ್ತದೆ.

ಉದ್ದಿಷ್ಟಕ್ಕೆ, ಎಡದಿಂದ ಮೂರು ಸ್ಥಾನಗಳ ಮೇಲೆ ೧, ೨, ೪ ಎಂದು ಬರೆದು, ಲಘುಗಳ ಮೇಲಿರುವ ಅಂಕಗಳನ್ನು ಕೂಡಿಸಿ ಒಂದನ್ನು ಸೇರಿಸಬೇಕು. ಜಗಣದ ಲಘುಗಳ ಮೇಲೆ ೧ ಮತ್ತು ೪, ಕೂಡಿದರೆ ೫, ಒಂದು ಸೇರಿದರೆ ೬. ಜಗಣವು ಆರನೆಯದೇ. ನಷ್ಟಕ್ಕೆ ಇದರ ವಿಪರೀತ. ಆರನೆಯದು ಯಾವುದು? ೬ ಸಮಸಂಖ್ಯೆ, ಲಘು. ಅರ್ಧಿಸಿದರೆ ೩, ವಿಷಮ, ಗುರು. ಒಂದು ಸೇರಿಸಿ ಅರ್ಧಿಸಿದರೆ ೨, ಸಮ, ಲಘು. ಲ ಗು ಲ, ಎಂದರೆ ಜಗಣ. ಒಬ್ಬ ಹುಡುಗನು ಸಂಖ್ಯೆಯನ್ನು ಹೇಳಿ ಮತ್ತೊಬ್ಬನು ಗಣವನ್ನು ತಾಳಹಾಕಿ ತೋರಿಸುವಂತೆ ಮಾಡಿದರೆ ತರಗತಿಯಲ್ಲಿ ಬೇಸರಕ್ಕೆ ಎಡೆಯಿರುವುದಿಲ್ಲ.

ಲಗಕ್ರಿಯೆಗೆ, ಎಂಟು ಸಾಲುಗಳನ್ನು ಲಘುಗಳ ಸಂಖ್ಯೆಗೆ ತಕ್ಕಂತೆ ಗುಂಪುಮಾಡಿಸಬೇಕು. ಲಘುವಿಲ್ಲದುದು ೧, ಒಂದುಳ್ಳುವು ೩, ಎರಡುಳ್ಳುವು ೩, ಮೂರುಳ್ಳುದು ೧. ನಾಲ್ಕಕ್ಷರಗಳಿಗೆ ೧, ೪, ೬, ೪, ೧. ಇವನ್ನು ಒಂದರ ಕೆಳಗೊಂದು ಬರೆದುದೇ ಹತ್ತನೆಯ ಶತಮಾನದ ಹಲಾಯುಧನು ಪಿಂಗಲಸೂತ್ರದ ವ್ಯಾಖ್ಯಾನದಲ್ಲಿ ವಿವರಿಸಿದ ಮೇರುಪ್ರಸ್ತಾರ. ಯೂರೋಪಿನಲ್ಲಿ ಇದು ಹದಿನೇಳನೆಯ ಶತಮಾನದ ಪಾಸ್ಕಲನ ಹೆಸರಿನಿಂದ ಪ್ರಸಿದ್ಧವಾಗಿದೆ.

ಯಮಾತಾರಾಜಭಾನಸಲಗಂ ಎಂಬ ನೆನಪಿನ ಗುಟ್ಟನ್ನು ನಮ್ಮ ಉಪಾಧ್ಯಾಯರೆಲ್ಲರೂ ಬಲ್ಲರು. ಎಂಟು ಗಣಗಳನ್ನು ಬೇರೆ ಬೇರೆಯಾಗಿ ಬರೆದರೆ ೨೪ ಅಕ್ಷರಗಳು ಬೇಕು. ಇಲ್ಲಿ ಹತ್ತೇ ಅಕ್ಷರಗಳಲ್ಲಿ, ಪ್ರತಿಯೊಂದು ಅಕ್ಷರದಿಂದ ಮೂರುಮೂರನ್ನು ತೆಗೆಯುತ್ತ ಹೋದರೆ, ಎಂಟೂ ಒಂದೊಂದೇ ಸಲ ಬರುತ್ತವೆ. ಇದನ್ನು ಬಾಯಿಪಾಠ ಮಾಡಿಸುವವರು ಒಂದು ಪ್ರಶ್ನೆಯನ್ನೂ ಕೇಳಬಾರದೇಕೆ? ನಾಲ್ಕು ಬಗೆಯ ಎರಡಕ್ಷರದ ಭೇದಗಳಿಗೆ ಇಂಥ ಗುಟ್ಟೊಂದನ್ನು ನೀನೇ ಕಟ್ಟು ಎನ್ನಬಹುದು. ಐದಕ್ಷರಗಳು ಸಾಕು, ಗು ಗು ಲ ಲ ಗು ಎಂದರೆ ಆಯಿತು. ಹತ್ತು ವರ್ಷದ ಮಕ್ಕಳು ಇದನ್ನು ಕಟ್ಟಬಲ್ಲರು. ಕಟ್ಟಿದ ಮೇಲೆ ಹಳೆಯ ಗುಟ್ಟನ್ನು ಅವರು ಎಂದೂ ಮರೆಯುವುದಿಲ್ಲ.

೬

ಇಷ್ಟಾದರೂ ಸಾಹಿತ್ಯದ ಉಪಾಧ್ಯಾಯರಿಗೆ ಒಂದು ಸಂದೇಹವುಳಿಯಬಹುದು. ಇದೆಲ್ಲ ಲೆಕ್ಕವಾಯಿತು, ಕಾವ್ಯಕ್ಕೆ ಇದರಿಂದೇನು? ಇದಕ್ಕೆ ಕನ್ನಡ ಛಂದಸ್ಸಿನಿಂದಲೇ ಸಮಾಧಾನವನ್ನು ಹೇಳಬಹುದು.

ಮಾತ್ರಾಗಣಗಳ ಪ್ರಸ್ತಾರವನ್ನು ನೋಡಿರಿ. ಮೂರು ಮಾತ್ರೆಯ ಗಣಕ್ಕೆ ೩ ಭೇದಗಳು, ನಾಲ್ಕು ಮಾತ್ರೆಯದಕ್ಕೆ ೫, ಐದು ಮಾತ್ರೆಯದಕ್ಕೆ ೮. ನಾಲ್ಕು ಮಾತ್ರೆಯ ಐದು ಭೇದಗಳಿವು: ಗು ಗು, ಲ ಲ ಗು, ಲ ಗು ಲ, ಗು ಲ ಲ, ಲ ಲ ಲ ಲ. ಗುರುವಿನಿಂದ ಮುಗಿಯುವುವು ಎರಡು, ಅವುಗಳ ಮೊದಲ ಭಾಗ ಎರಡು ಮಾತ್ರೆಯ ಪ್ರಸ್ತಾರ. ಲಘುವಿನಿಂದ ಮುಗಿಯುವುವು ಮೂರು, ಅವುಗಳ ಮೊದಲ ಭಾಗ ಮೂರು ಮಾತ್ರೆಯ ಪ್ರಸ್ತಾರ. ಹೀಗೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ೧, ೨, ೩, ೫, ೮, ೧೩. ಪ್ರಾಕೃತ ಛಂದಸ್ಸನ್ನು ನಿರೂಪಿಸಿದ ವಿರಹಾಂಕನೂ ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಬಲ್ಲ ಈ ಸಂಖ್ಯಾಮಾಲೆಯು ಇಟಲಿಯ ಲಿಯೊನಾರ್ಡೊವಿನ ೧೨೦೨ರ ಗ್ರಂಥದಲ್ಲಿ ಬಂದು, ಅವನ ಫಿಬೊನಾಚಿ ಎಂಬ ಹೆಸರಿನಿಂದ ಲೋಕದಲ್ಲಿ ಪ್ರಚಾರಗೊಂಡಿದೆ.

ಈಗ ಷಟ್ಪದಿಯ ಪದ್ಯಗಳನ್ನು ತೆಗೆದುಕೊಂಡು, ಕವಿಯು ಈ ಭೇದಗಳಲ್ಲಿ ಯಾವುವನ್ನು ಬಳಸಿದ್ದಾನೆಂದು ಮಕ್ಕಳಿಂದ ಗುರುತುಹಾಕಿಸಿರಿ. ಲಘುವಿನ ಮೇಲೆ ಗುರು ಬಂದು ಆರಂಭವಾಗುವ ಗಣವು ಸಾಮಾನ್ಯವಾಗಿ ಸಿಕ್ಕುವುದಿಲ್ಲವೆಂಬುದು ಅವರಿಗೇ ತೋರಿಬರುತ್ತದೆ. ಮೂರರಲ್ಲಿ ಒಂದು, ಐದರಲ್ಲಿ ಒಂದು, ಎಂಟರಲ್ಲಿ ಎರಡು ಹೀಗೆ ಬಿಟ್ಟುಹೋಗಿ, ಬಳಕೆಗೆ ಉಳಿಯುವುವು ೨, ೪, ೬. ಏಕೆ ಬಿಟ್ಟರು? ಬಾಯಲ್ಲಿ ಹಾಡಿ ನೋಡಿದರೆ ಮಗುವೇ ಹೇಳುತ್ತದೆ, ಅಲ್ಲಿ ಲಯವು ಎಡವುತ್ತದೆಯೆಂದು. ಕಂದಪದ್ಯದಲ್ಲಿ ಜಗಣವು ವಿಷಮಸ್ಥಾನಗಳಲ್ಲಿ ನಿಷಿದ್ಧವಾಗಿದ್ದು, ಅರ್ಧದ ಆರನೆಯ ಗಣದಲ್ಲಿ ಜಗಣವೋ ಸರ್ವಲಘುವೋ ಬರಲೇಬೇಕೆಂಬ ನಿಯಮವೂ ಆಗ ಅರ್ಥವತ್ತಾಗುತ್ತದೆ. ಇರುವ ಐದನ್ನೂ ಕಂಡವನಿಗೆ ಮಾತ್ರ ಕವಿಯು ಬೇಡವೆಂದುದು ಕಾಣಿಸುತ್ತದೆ. ಪದ್ಯದಲ್ಲಿದ್ದುದನ್ನು ಮಾತ್ರ ಗುರುತುಹಾಕಿದವನಿಗೆ ಇಲ್ಲದುದು ಹೇಗೆ ಕಂಡೀತು?

ಅಂಶಗಣಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಾಗವರ್ಮನು ಛಂದೋಂಬುಧಿಯಲ್ಲಿ ಹೇಳುವ ಬ್ರಹ್ಮ, ವಿಷ್ಣು, ರುದ್ರಗಣಗಳಿಗೆ ಕ್ರಮವಾಗಿ ೪, ೮, ೧೬ ಭೇದಗಳು. ಇವನ್ನೇ ಜಯಕೀರ್ತಿಯು ರತಿ, ಕಾಮ, ಬಾಣಗಣಗಳೆನ್ನುತ್ತಾನೆ. ಇಲ್ಲಿ ಮೊದಲ ಅಂಶದಲ್ಲಿ ಗುರುವಿನ ಕೆಳಗೆ ಒಂದು ಲಘುವಿಗೆ ಬದಲಾಗಿ ಎರಡು ಲಘುಗಳನ್ನಿಡಬೇಕು. ಉಳಿದ ವಿಧಿಯು ಹಿಂದಿನಂತೆಯೇ. ಬ್ರಹ್ಮಗಣವು ಗು ಗು, ಲ ಲ ಗು, ಗು ಲ, ಲ ಲ ಲ ಎಂದಾಗುತ್ತದೆ. ನೆರೆಯ ತೆಲುಗಿನಲ್ಲಿ ಇವುಗಳಿಗೆ ಸಂವಾದಿಯಾದ ಸೂರ್ಯ, ಇಂದ್ರ, ಚಂದ್ರಗಣಗಳ ಭೇದಗಳು ೨, ೬, ೧೪. ಪ್ರತಿಯೊಂದರಲ್ಲಿಯೂ ಎರಡೆರಡು ಕಡಮೆ. ಸೂರ್ಯಗಣದಲ್ಲಿ ಉಳಿದಿರುವುವು ಗು ಲ, ಲ ಲ ಲ ಎಂಬೆರಡು; ಬಿಟ್ಟುಹೋದುವು ಪ್ರಸ್ತಾರದ ಮೊದಲ ಎರಡು ಸಾಲುಗಳು. ಇಂದ್ರಗಣವನ್ನು ವಿಷ್ಣುಗಣದ ಎಂಟು ಭೇದಗಳೊಡನೆ ಹೋಲಿಸಿದರೆ ಅಲ್ಲಿಯೂ ಇಲ್ಲದುವು ಮೊದಲ ಎರಡೇ, ಗು ಗು ಗು ಮತ್ತು ಲ ಲ ಗು ಗು. ಎರಡು ಸೋದರಭಾಷೆಗಳ ಛಂದಸ್ಸು ಎಲ್ಲಿ ಕವಲೊಡೆಯಿತೆಂಬುದು ಪ್ರಸ್ತಾರದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡವನಿಗೆ ಒಂದೇ ನೋಟಕ್ಕೆ ಸಿಕ್ಕುವುದು.

ಶಾರ್ದೂಲವಿಕ್ರೀಡಿತದ ಪಾದಕ್ಕೆ ೧೯ ಅಕ್ಷರಗಳು. ಹತ್ತೊಂಬತ್ತು ಅಕ್ಷರಗಳ ಪ್ರಸ್ತಾರದಲ್ಲಿ ೫,೨೪,೨೮೮ ಭೇದಗಳು. ಇಷ್ಟರೊಳಗೆ ಒಂದನ್ನು ನಮ್ಮ ಕವಿಗಳ ಕಿವಿಯು ಆರಿಸಿ ಖ್ಯಾತಕರ್ನಾಟಕಗಳಲ್ಲಿ ಸೇರಿಸಿಕೊಂಡಿತು. ಇದನ್ನು ತಿಳಿದ ವಿದ್ಯಾರ್ಥಿಯು ವೃತ್ತದ ಲಕ್ಷಣವನ್ನು ಹೊರೆಯೆಂದು ಭಾವಿಸದೆ, ಆಯ್ಕೆಯೆಂದು ಭಾವಿಸುವನು.

೭

ಆಚರಣೆಯಲ್ಲಿ ಈ ಕ್ರಮವನ್ನು ಹೀಗೆ ಅಳವಡಿಸಬಹುದೆಂದು ನನಗೆ ತೋರುತ್ತದೆ. ಆರೇಳು ವರ್ಷದವರಿಗೆ ಎರಡು ಲಂಗ ಮೂರು ರವಿಕೆಗಳ ಜೋಡಣೆಯಂಥ ಕೆಲಸ. ಬರವಣಿಗೆ ಬೇಡ, ಕೈಗೆ ವಸ್ತುಗಳನ್ನು ಕೊಡಬೇಕು. ಎಂಟೊಂಬತ್ತು ವರ್ಷದವರಿಗೆ ಎರಡು ಮನೆ, ಮೂರು ಮನೆಗಳ ಕವಡೆಯಾಟ, ತಪ್ಪಿದ್ದರೆ ತಿದ್ದದೆ, "ಇನ್ನೂ ಇದೆಯೇ? ಎರಡು ಸಲ ಬಂದಿದೆಯೇ?" ಎಂಬೆರಡೇ ಪ್ರಶ್ನೆಗಳನ್ನು ಕೇಳಬೇಕು. ಹತ್ತು ವರ್ಷದವರಿಗೆ ಪ್ರಸ್ತಾರದ ವಿಧಿ, ನಾಲ್ಕು ಮಾತ್ರೆಯ ಚಪ್ಪಾಳೆ, ನಷ್ಟೋದ್ದಿಷ್ಟಗಳ ಆಟ. ಪ್ರೌಢಶಾಲೆಯಲ್ಲಿ ಗುರುಲಘುಗಳ ಹೆಸರು, ಗಣಗಳು, ರಸಭೇದಗಳ ೬೩, ಕೊನೆಗೆ ಮಹಾವೀರನ ಸೂತ್ರ. ಸೂತ್ರವು ಕೊನೆಯಲ್ಲಿ ಬರುವುದರಿಂದ ಅದಕ್ಕೆ ಗೌರವವು ಕಡಮೆಯಾಗುವುದಿಲ್ಲ. ಬರೆದು ಬರೆದು ದಣಿದ ಕೈಗೆ ಅದು ವರವಾಗಿ ಒದಗುತ್ತದೆ.

ಒಂದು ಎಚ್ಚರಿಕೆಯೂ ಅವಶ್ಯ. ವೇದಪಾಠಶಾಲೆಗಳಲ್ಲಿ ಎಳೆಯ ಬಾಲಕರು ಕ್ರಮ, ಜಟೆ, ಘನಗಳನ್ನು ಹೇಳುವುದನ್ನು ಕೇಳಿದವರು, ನಮ್ಮ ಮಕ್ಕಳಿಗೆ ಈ ವಿದ್ಯೆಯು ಹಿಂದೆಯೇ ಇತ್ತಲ್ಲವೇ ಎನ್ನಬಹುದು. ಅಲ್ಲಿ ಪದಗಳು ಹಿಂದುಮುಂದಾಗುವುದು ನಿಜ. ಆದರೆ ಮೂರು ಪದಗಳ ಆರು ವಿನ್ಯಾಸಗಳಲ್ಲಿ ಘನಪಾಠವು ಅನುಲೋಮ ವಿಲೋಮಗಳೆರಡನ್ನೇ ಗ್ರಹಿಸುತ್ತದೆ. ಅದರ ಗುರಿ ಪಾಠರಕ್ಷಣೆ; ಒಂದಕ್ಷರವೂ ಕದಲಬಾರದೆಂಬುದು ಅದರ ವ್ರತ. ಸಾಧ್ಯವಾದುದನ್ನೆಲ್ಲ ಹುಡುಕುವ ಬುದ್ಧಿಗೆ ಬೇರೆಯ ಅಭ್ಯಾಸವೇ ಬೇಕು. ಪ್ರಸ್ತಾರವನ್ನೂ ಬಾಯಿಪಾಠ ಮಾಡಿಸಿದರೆ ನಾವು ಹೊರಟಲ್ಲಿಗೇ ಬಂದು ನಿಂತಂತಾಗುವುದು.

ಪಠ್ಯಕ್ರಮವನ್ನು ತಿದ್ದಬೇಕೆಂದಾಗಲಿ ಹೊಸ ಗ್ರಂಥಗಳನ್ನು ಬರೆಯಬೇಕೆಂದಾಗಲಿ ನಾನು ಕೇಳುವುದಿಲ್ಲ. ಛಂದಸ್ಸಿನ ಪಾಠದ ಮೊದಲನೆಯ ದಿನ ಎಂಟು ಗಣಗಳನ್ನು ಹಲಗೆಯ ಮೇಲೆ ಬರೆದುಕೊಡುವುದಕ್ಕೆ ಬದಲಾಗಿ, ಅವನ್ನು ಮಕ್ಕಳೇ ಹುಡುಕಲೆಂದು ಒಂದು ಗಂಟೆಯ ಕಾಲವನ್ನು ಬಿಟ್ಟುಕೊಟ್ಟರೆ ಸಾಕು. ಎಂಟೂ ಸಿಕ್ಕಿದ ಮೇಲೆ ಯಾವುದಾದರೊಂದು ಮಗುವು "ಇನ್ನಿಲ್ಲ" ಎನ್ನುತ್ತದೆ. ಹೇಗೆಂದು ಕೇಳಿ, ಉತ್ತರಕ್ಕೆ ಕಾದಿರುವುದಷ್ಟೇ ಉಪಾಧ್ಯಾಯರ ಕೆಲಸ.